ನೋಂಪಿಯ ನಿಷ್ಠೆ ಮತ್ತು ಗರ್ಭಸ್ಥ ಜೀವದ ರಕ್ಷಣೆ

ವ್ರತವೆಂಬುದು ಜೀವವು ಸ್ವ‌ಇಚ್ಛೆಯಿಂದ ತನಗೆ ತಾನೇ ಹಾಕಿಕೊಳ್ಳುವ ಮೇರೆ. ಒಬ್ಬರ ಉಪವಾಸದಿಂದ ಮತ್ತೊಬ್ಬರ ಕರ್ಮನಿರ್ಜರೆಯಾಗದು. ಒಬ್ಬರ ಸಂಕಲ್ಪವನ್ನು ಮತ್ತೊಬ್ಬರ ಮೇಲೆ ಹೊರಿಸಲೂ ಬಾರದು. ಶ್ರಾವಕರೆಲ್ಲರೂ ಒಪ್ಪುವ ಈ ಮಾತು ಒಂದು ಸಂದರ್ಭದಲ್ಲಿ ಮಾತ್ರ ಕಠಿನವಾದ ಪ್ರಶ್ನೆಯಾಗಿ ನಿಲ್ಲುತ್ತದೆ. ಒಂದೇ ಶರೀರದಲ್ಲಿ ಎರಡು ಜೀವಗಳಿರುವಾಗ ಉಪವಾಸದ ಸಂಕಲ್ಪ ಮಾಡಿದವಳು ತಾಯಿ. ಗರ್ಭಸ್ಥ ಜೀವವು ಯಾವ ಸಂಕಲ್ಪವನ್ನೂ ಮಾಡಿಲ್ಲ. ಆದರೆ ಆಹಾರ ತಪ್ಪುವುದು ಎರಡಕ್ಕೂ.

ಬಸವಕಲ್ಯಾಣ, ಹುಮನಾಬಾದ್ ಭಾಗದ ದಿಗಂಬರ ಮನೆಗಳಿಗೆ ಈ ಪ್ರಶ್ನೆ ಹೊರಗಿನದಲ್ಲ. ಮನೆ ತುಂಬಿದ ಸೊಸೆ ವರ್ಷದೊಳಗೆ ನೋಂಪಿ ಹಿಡಿದರೆ ಅತ್ತೆಗೆ ಸಂತೋಷ. ಅಷ್ಟಮಿ, ಚತುರ್ದಶಿಗಳ ಉಪವಾಸ, ಭಾದ್ರಪದದ ದಶಲಕ್ಷಣ ಪರ್ವ, ವರ್ಷಕ್ಕೆ ಮೂರು ಬಾರಿ ಬರುವ ಅಷ್ಟಾಹ್ನಿಕ, ಇವೆಲ್ಲ ಕುಲದ ಶೋಭೆಯೆಂದೇ ಹಿರಿಯರ ಭಾವನೆ. ಅದೇ ಸೊಸೆಗೆ ದಾದಿಯು ಗರ್ಭ ಧರಿಸುವ ಮೊದಲು ಲಸಿಕೆ ಹಾಕಿಸಿಕೊಳ್ಳಬೇಕೆಂದರೆ, ಅದರಲ್ಲಿ ಜೀವಹಿಂಸೆಯಿದೆಯೇ ಎಂಬ ಶಂಕೆ ಹುಟ್ಟುತ್ತದೆ. ಎರಡು ಭಾವನೆಗಳೂ ಧರ್ಮಶ್ರದ್ಧೆಯಿಂದಲೇ ಬಂದವು; ಆದುದರಿಂದ ಎರಡನ್ನೂ ಧರ್ಮದೃಷ್ಟಿಯಿಂದಲೇ ಪರೀಕ್ಷಿಸಬೇಕು.

ಮೊದಲು ಕಾಲದ ವಿಚಾರ. ಶಿಶುವಿನ ಮಿದುಳು ಮತ್ತು ಬೆನ್ನುಹುರಿಗೆ ಮೂಲವಾದ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಇದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲವು ಅತ್ಯಗತ್ಯ. ಆದ್ದರಿಂದ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಹನ್ನೆರಡನೆಯ ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಗರ್ಭ ನಿಂತ ಮೇಲೆ ಉಪವಾಸ ಬಿಟ್ಟರಾಯಿತೆಂಬ ರೂಢಿಯ ಮಾತು ಇಲ್ಲಿ ಸಾಲದು. ತಾಯಿಯ ಕರ್ತವ್ಯವು ಮಗುವಿನ ಸುಳಿವು ದೊರೆಯುವ ಮೊದಲೇ ಆರಂಭವಾಗುತ್ತದೆ.

ಎರಡನೆಯದು ತ್ಯಾಗದ ಪದಾರ್ಥಗಳ ವಿಚಾರ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಭಾರತಕ್ಕೆ ಬಂದು, ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಂಡ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿ, ಅದು ಆಹಾರದ ಕೊರತೆಯೆಂದು ತೋರಿಸಿದಳು. ಆ ಕೊರತೆಯ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಗುರುತಾಯಿತು. ಬೀದರ ಸೀಮೆಯ ತೊಗರಿ, ಹೆಸರು, ಉದ್ದು, ಮೆಂತ್ಯದ ಸೊಪ್ಪುಗಳಲ್ಲಿ ಅದು ಉಂಟು. ಆದರೆ ಪರ್ವದಿನಗಳಲ್ಲಿ ಹಸಿರು ತ್ಯಜಿಸುವ ಮನೆಗಳಲ್ಲಿ ಸೊಪ್ಪು ಹೋಗುತ್ತದೆ. ರಸತ್ಯಾಗದಲ್ಲಿ ಹಾಲುಮೊಸರು ಹೋಗುತ್ತವೆ. ಸಸ್ಯಾಹಾರಿಗಳಿಗೆ ಬಿ12 ಜೀವಸತ್ವ ದೊರೆಯುವುದು ಮುಖ್ಯವಾಗಿ ಹಾಲುಮೊಸರಿನಿಂದಲೇ. ಇವೆಲ್ಲವನ್ನೂ ದೀರ್ಘಕಾಲ ಬಿಟ್ಟು, ಮೇಲೆ ಉಪವಾಸವನ್ನೂ ಮಾಡಿದರೆ ರಕ್ತಹೀನತೆ ಬರುವುದು ಅಚ್ಚರಿಯಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆಯೆಂದು ಎಣಿಸುತ್ತಾರೆ. ಔಷಧವನ್ನು ಕ್ಯಾಪ್ಸೂಲಿನ ಬದಲು ಮಾತ್ರೆಯ ರೂಪದಲ್ಲಿ ಕೇಳಿ ಪಡೆದು, ವೈದ್ಯರನ್ನು ಕೇಳಿ ಸೂರ್ಯಾಸ್ತಕ್ಕೆ ಮುನ್ನವೇ ಸೇವಿಸಿದರೆ ರಾತ್ರಿಭೋಜನ ತ್ಯಾಗಕ್ಕೂ ಭಂಗವಿಲ್ಲ.

ಮೂರನೆಯದು ಲಸಿಕೆ. ರುಬೆಲ್ಲಾ ಎಂಬುದು ಮೈಮೇಲೆ ಸಣ್ಣ ಗುಳ್ಳೆಗಳೆದ್ದು ಅಡಗುವ ಸಾಮಾನ್ಯ ಜ್ವರ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಶಿಶುವು ಕಣ್ಣಿನ ಪೊರೆ, ಕಿವುಡುತನ, ಹೃದಯದೋಷಗಳೊಡನೆ ಹುಟ್ಟಬಹುದು. ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಇದನ್ನು ಮೊದಲು ಗುರುತಿಸಿದನು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾದ ದಡಾರ-ರುಬೆಲ್ಲಾ ಅಭಿಯಾನವು 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಮೀಸಲಾಗಿತ್ತು. ಮಹಾರಾಷ್ಟ್ರದಲ್ಲಿ ಅದು ನಡೆದುದು 2018ರಲ್ಲಿ. ಆಗ ಆ ವಯಸ್ಸು ಮೀರಿದ್ದ ಕನ್ಯೆಯರು ಇಂದು ತಾಯಂದಿರಾಗುವ ಪ್ರಾಯದಲ್ಲಿದ್ದಾರೆ. ಇದು ಸಜೀವ ಲಸಿಕೆಯಾದುದರಿಂದ ಗರ್ಭಿಣಿಗೆ ಕೊಡುವುದಿಲ್ಲ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಧನುರ್ವಾತ ಮತ್ತು ಗಂಟಲಮಾರಿಯ ಟಿಡಿ ಲಸಿಕೆಯನ್ನಾದರೋ ಗರ್ಭಿಣಿಗೇ ಕೊಡುತ್ತಾರೆ. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆ ಶಿಶುವಿಗೂ ಸಲ್ಲುತ್ತದೆ.

ಲಸಿಕೆಯಲ್ಲಿ ಹಿಂಸೆಯ ಸಂಬಂಧವಿಲ್ಲವೆಂದು ಹೇಳುವುದು ಸತ್ಯವಾಗದು. ರುಬೆಲ್ಲಾ ಲಸಿಕೆಯ ವಿಷಾಣುವನ್ನು ಬೆಳೆಸುವುದು, 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣದಿಂದ ಪಡೆದ ಜೀವಕೋಶಗಳ ಸಂತತಿಯಲ್ಲಿ. ಕೆಲವು ಲಸಿಕೆಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಉಂಟು. ಗರ್ಭಪಾತವನ್ನು ಉಗ್ರವಾಗಿ ವಿರೋಧಿಸುವ ರೋಮನ್ ಕ್ಯಾಥೊಲಿಕ್ ಪೀಠದ ಜೀವನ ಅಕಾಡೆಮಿಯೂ ಇದೇ ಪ್ರಶ್ನೆಯನ್ನು ಎದುರಿಸಿ, ಬೇರೆ ಲಸಿಕೆ ದೊರೆಯದಿರುವಾಗ ಇದನ್ನು ಬಳಸಬಹುದು, ಆದರೆ ನಿರ್ದೋಷವಾದ ಲಸಿಕೆಗಾಗಿ ಒತ್ತಾಯಿಸುತ್ತಿರಬೇಕೆಂದು 2005ರಲ್ಲಿ ತಿಳಿಸಿತು.

ಜೈನಧರ್ಮವು ಕೃತ, ಕಾರಿತ, ಅನುಮೋದನಗಳೆಂದು ದೋಷವನ್ನು ಮೂರು ಬಗೆಯಲ್ಲಿ ತೂಗುತ್ತದೆ. ಎಂದೋ ನಡೆದ ಗರ್ಭಪಾತವನ್ನು ಇಂದಿನ ಶ್ರಾವಿಕೆ ಮಾಡಿದವಳೂ ಅಲ್ಲ, ಮಾಡಿಸಿದವಳೂ ಅಲ್ಲ, ಒಪ್ಪಿದವಳೂ ಅಲ್ಲ. ಮತ್ತೊಂದು ಗರ್ಭಪಾತವನ್ನು ಆಕೆಯ ಚುಚ್ಚುಮದ್ದು ಬೇಡುವುದೂ ಇಲ್ಲ. ಜೆಲಾಟಿನ್ ವಿಷಯ ಹಾಗಲ್ಲ. ಅದಕ್ಕೆ ಪ್ರಾಣಿವಧೆ ಮತ್ತೆ ಮತ್ತೆ ನಡೆಯುತ್ತದೆ. ಈ ದೋಷವನ್ನು ದೋಷವೆಂದೇ ಒಪ್ಪಬೇಕು. ಆದರೆ ಗೃಹಸ್ಥನ ವ್ರತ ಅಣುವ್ರತ. ಆತನು ಬಿಡಬೇಕಾದುದು ಸಂಕಲ್ಪೀ ಹಿಂಸೆ. ಲಸಿಕೆ ಪಡೆಯುವವಳ ಸಂಕಲ್ಪವಿರುವುದು ವಧೆಯಲ್ಲಲ್ಲ, ರಕ್ಷಣೆಯಲ್ಲಿ. ತಡೆಯಬಲ್ಲ ಕೇಡನ್ನು ತಿಳಿದೂ ತಡೆಯದೆ, ಪಂಚೇಂದ್ರಿಯ ಜೀವವೊಂದು ಕುರುಡಾಗಿ ಹುಟ್ಟಲು ಬಿಡುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದು ಆಚಾರ್ಯರ ಅಭಿಪ್ರಾಯ. ಜೆಲಾಟಿನ್ ಇಲ್ಲದ ಲಸಿಕೆ ದೊರೆಯುವುದೇ ಎಂದು ವಿಚಾರಿಸಿ, ದೊರೆಯದಿದ್ದರೆ ದೊರೆತುದನ್ನು ಸ್ವೀಕರಿಸಿ, ಮುನಿಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಕೇಳುವುದು ಶ್ರಾವಿಕೆಗೆ ಉಳಿದಿರುವ ದಾರಿ.

ವೈದ್ಯವನ್ನು ಜೈನರು ಎಂದೂ ಕೀಳಾಗಿ ಕಂಡವರಲ್ಲ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಪೂಜ್ಯಪಾದರ ಕೃತಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನು, ತನ್ನ ಕರ್ಣಾಟಕ ಕಲ್ಯಾಣಕಾರಕದಲ್ಲಿ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ಹೇಳಿದನು. ಅಹಿಂಸೆಗಾಗಿ ಔಷಧವನ್ನು ಬಿಡುವ ಬದಲು ಔಷಧವನ್ನೇ ಅಹಿಂಸೆಯ ಕಡೆಗೆ ತಿರುಗಿಸಿದುದು ಆ ಹಿರಿಯರ ಮಾರ್ಗ.

ಇನ್ನು ವ್ರತದ ಗತಿಯೇನು? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಸಂತಾನವನ್ನು ಬಯಸಿ ನೋಂಪಿ ಹಿಡಿದರೆ ಫಲಾಪೇಕ್ಷೆಯೆಂಬ ನಿದಾನದೋಷ. ಆ ನೋಂಪಿಯೇ ಸಂತಾನಕ್ಕೆ ಕೇಡಾದರೆ ಎರಡೂ ನಷ್ಟ. ತಾಯಿಯಾಗಬಯಸುವವಳು ವ್ರತ ಹಿಡಿಯುವಾಗಲೇ ಗುರುಗಳ ಸನ್ನಿಧಿಯಲ್ಲಿ ಕಾಲದ ಮೇರೆಯನ್ನು ಹೇಳಿಕೊಳ್ಳಬೇಕು. ಹಿಡಿದಾಗಿದ್ದರೆ ಅವರ ಅಪ್ಪಣೆ ಪಡೆದು ಉಪವಾಸವನ್ನು ಮುಂದಿಡಬೇಕು. ಬಾಹ್ಯ ತಪಸ್ಸು ಆರಾದರೆ ಅಂತರಂಗ ತಪಸ್ಸೂ ಆರು. ಅನಶನ ಸಾಧ್ಯವಿಲ್ಲದವಳಿಗೆ ಸ್ವಾಧ್ಯಾಯ, ವಿನಯ, ಧ್ಯಾನಗಳ ಬಾಗಿಲು ತೆರೆದೇ ಇದೆ.

ಈ ತಪಸ್ಸು ಸೊಸೆಯೊಬ್ಬಳದೇ ಅಲ್ಲ. ತೀರ್ಥಂಕರರ ಮಾತೆಯನ್ನು ಗರ್ಭಕಲ್ಯಾಣ ಕಾಲದಲ್ಲಿ ಶ್ರೀ, ಹ್ರೀ ಮೊದಲಾದ ದೇವಿಯರು ಸೇವಿಸಿದರೆಂದು ಪುರಾಣಗಳು ಹೇಳುತ್ತವೆ. ಸೊಸೆಯನ್ನು ಪರೀಕ್ಷೆಗೆ ಕರೆದೊಯ್ಯುವ ಅತ್ತೆ, ಲಸಿಕೆಯ ಚೀಟಿಯನ್ನು ಜೋಪಾನವಾಗಿಡುವ ಗಂಡ, ಪರ್ವದ ದಿನವೂ ಅವಳಿಗೆ ಬಿಸಿಯೂಟ ಬಡಿಸುವ ನಾದಿನಿ, ಇವರೆಲ್ಲ ವೈಯಾವೃತ್ಯವೆಂಬ ತಪಸ್ಸನ್ನೇ ಆಚರಿಸುತ್ತಾರೆ. ಉಣ್ಣದವಳ ನಿಷ್ಠೆಯನ್ನು ಮೆಚ್ಚುವ ಮನೆಯು, ಇನ್ನೊಂದು ಜೀವಕ್ಕಾಗಿ ಉಣ್ಣುವವಳ ನಿಷ್ಠೆಯನ್ನೂ ಮನ್ನಿಸಲಿ. ಅಹಿಂಸಾ ವ್ರತವು ಆ ಮನೆಯಲ್ಲಿ ನಿರ್ವಿಘ್ನವಾಗಿ ನೆರವೇರಲಿ.