ನಿಜವಾದರೂ ಆಡಬಾರದ ಮಾತು

ಕಾನೂನು ವ್ಯಾಸಂಗ ಮಾಡುತ್ತಿರುವ ನನ್ನ ಮೊಮ್ಮಗಳು ತನ್ನ ಕಾಲೇಜಿನ ಮಾನವ ಹಕ್ಕುಗಳ ಸಂಘದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದಳು. ಚುನಾವಣೆಗೆ ಎರಡು ದಿನಗಳಿರುವಾಗ ಗೆಳತಿಯರು ಪ್ರತಿಸ್ಪರ್ಧಿಯ ಮನೆಯ ಗುಟ್ಟೊಂದನ್ನು ತಂದು, ಅದನ್ನು ಎಲ್ಲರಿಗೂ ತಿಳಿಸೋಣವೆಂದರು. ಸುದ್ದಿ ಸುಳ್ಳಾಗಿರಲಿಲ್ಲ. "ಅಜ್ಜಾ, ಇದ್ದುದನ್ನೇ ಹೇಳಿದರೆ ನಿಂದೆ ಹೇಗಾಗುತ್ತದೆ?" ಎಂದು ಅವಳು ನನ್ನನ್ನು ಕೇಳಿದಳು.

ಪದವಿಯನ್ನು ಬಯಸುವುದು ದೋಷವಲ್ಲ. ಸೇವೆಗೆ ಮುಂದೆ ಬರುವವರಿಲ್ಲದೆ ಯಾವ ಸಂಘವೂ ನಡೆಯದು. ಬಯಸುವ ರೀತಿಯಲ್ಲಿ ದೋಷ ಹೊಕ್ಕುತ್ತದೆ. ಸತ್ಯವೆಂದರೆ ಇದ್ದುದನ್ನು ಇದ್ದಂತೆ ನುಡಿಯುವುದಷ್ಟೇ ಎಂದು ನಾವು ಭಾವಿಸುತ್ತೇವೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ, ಎಂದರೆ ಪರರ ಗುಟ್ಟನ್ನು ಬಯಲಿಗೆಳೆಯುವುದನ್ನೂ ಎಣಿಸಿದೆ. ನೋಯಿಸಲೆಂದು ಆಡಿದ ನಿಜವೂ ವ್ರತಕ್ಕೆ ಕಲೆಯೇ.

ಆ ಸಂಘವು ಎತ್ತಿಹಿಡಿಯಬೇಕಾದ ತತ್ತ್ವವೂ ಇದೇ. ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೆಯ ವಿಧಿಯು ವ್ಯಕ್ತಿಯ ಖಾಸಗಿ ಬಾಳು, ಕುಟುಂಬ ಹಾಗೂ ಗೌರವಗಳಿಗೆ ರಕ್ಷಣೆಯನ್ನು ಸಾರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅಂದಮೇಲೆ ಅಭ್ಯರ್ಥಿಯು ಮೊದಲು ಕಾಯಬೇಕಾದ ಹಕ್ಕು ತನ್ನ ಪ್ರತಿಸ್ಪರ್ಧಿಯದೇ.

ಹಾಗಾದರೆ ಎದುರಾಳಿಯ ತಪ್ಪನ್ನು ಎಂದೂ ಹೇಳಬಾರದೆ? ಹೇಳಬೇಕು. ಆಕೆ ಸಂಘದ ಹಣವನ್ನು ದುರುಪಯೋಗ ಮಾಡಿದ್ದರೆ ಮೌನವು ಕ್ಷಮೆಯಲ್ಲ, ಹೇಡಿತನ. ಆದರೆ ಅದನ್ನು ಸಭೆಯಲ್ಲಿ, ಆಕೆಯ ಸಮಕ್ಷಮದಲ್ಲಿ, ಆಧಾರ ಸಹಿತ ಹೇಳಿ ಉತ್ತರಕ್ಕೆ ಅವಕಾಶವೀಯಬೇಕು. ಪದವಿಗೆ ಸಂಬಂಧಿಸಿದ ದೋಷ ಸಭೆಯದು. ಮನೆಯ ದುಃಖ ಮನೆಯವರದು.

ಮೊಮ್ಮಗಳು ಆ ಗುಟ್ಟನ್ನು ಹೊರಗೆಡಹಲಿಲ್ಲ. ಹನ್ನೊಂದು ಮತಗಳಿಂದ ಸೋತಳು. "ಹೇಳಿದ್ದರೆ ಗೆಲ್ಲುತ್ತಿದ್ದೆ, ಅಜ್ಜಾ" ಎಂದಳು. ಗೆಲ್ಲುತ್ತಿದ್ದಳೇನೋ, ಅಲ್ಲವೆಂದು ಹೇಳಿ ಸಮಾಧಾನಪಡಿಸಲು ನನ್ನಿಂದಾಗಲಿಲ್ಲ. ಒಬ್ಬಳ ಹಕ್ಕನ್ನು ತುಳಿದು ಏರಿದ ಪೀಠದಲ್ಲಿ ಕುಳಿತು ಯಾರ ಹಕ್ಕಿಗಾಗಿ ಮಾತನಾಡುತ್ತಿದ್ದೆ ಎಂದಷ್ಟೇ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಚುನಾವಣೆಗಳು ನಡೆಯುತ್ತವೆ. ಆ ದಿನಗಳಲ್ಲಿ ಹಿರಿಯರಾದ ನಾವು ಜಗಲಿಯ ಮೇಲೆ ಕುಳಿತು ಆಡುವ ಮಾತುಗಳನ್ನು ಒಳಗಿನಿಂದ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.