ಬಂಧನಕ್ಕೆ ಕಾರಣ ಹೇಳಬೇಕಾದವರು ಯಾರು?

ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ 2018ರಲ್ಲಿ ಒಂದು ಅಂಗಡಿಯಿಂದ ಐದು ಕೈಗಡಿಯಾರಗಳು ಕಳುವಾದವು. ಸಿಸಿಟಿವಿಯ ಮಸುಕು ಚಿತ್ರವನ್ನು ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟಾಗ ಅದು ಕಪ್ಪು ವರ್ಣೀಯರೊಬ್ಬರ ಹಳೆಯ ಡ್ರೈವಿಂಗ್ ಲೈಸೆನ್ಸಿನ ಫೋಟೊ ತೋರಿಸಿತು. ಪೊಲೀಸರು ಅದನ್ನು ಬೇರೆ ಫೋಟೊಗಳ ಜೊತೆ ಸೇರಿಸಿ ಅಂಗಡಿಯ ಭದ್ರತೆ ನೋಡಿಕೊಳ್ಳುತ್ತಿದ್ದವರ ಮುಂದಿಟ್ಟರು. ಅವರು ಕಳ್ಳತನವನ್ನು ಕಣ್ಣಾರೆ ಕಂಡವರಲ್ಲ, ಅದೇ ಸಿಸಿಟಿವಿ ದೃಶ್ಯ ನೋಡಿದ್ದವರು. ಅವರೂ ಆ ಫೋಟೊವನ್ನೇ ಆರಿಸಿದರು. 2020ರ ಜನವರಿಯಲ್ಲಿ ಆ ಮನುಷ್ಯನನ್ನು ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಎದುರಿಗೇ ಬೇಡಿ ತೊಡಿಸಿ ಕರೆದೊಯ್ದು, ಸುಮಾರು 30 ಗಂಟೆ ಲಾಕಪ್‌ನಲ್ಲಿಟ್ಟರು. ವಿಚಾರಣೆಯ ಮೇಜಿನ ಬಳಿ ಆತ ಸಿಸಿಟಿವಿ ಚಿತ್ರವನ್ನು ತನ್ನ ಮುಖದ ಪಕ್ಕ ಹಿಡಿದು ತೋರಿಸಿದರು. ಕಂಪ್ಯೂಟರ್ ತಪ್ಪು ಮಾಡಿರಬೇಕು ಎಂದು ಆಗ ಅಧಿಕಾರಿಯೊಬ್ಬರು ಹೇಳಿದರೆಂದು ಅವರು ಮುಂದೆ ತಿಳಿಸಿದ್ದಾರೆ.

ನನ್ನನ್ನು ಕಾಡುವುದು ಆ ಮಾತು. ಫೋಟೊಗಳನ್ನು ಜೋಡಿಸಿದ್ದು, ಕಳ್ಳನನ್ನು ಕಾಣದವರನ್ನು ಸಾಕ್ಷಿಯಾಗಿಸಿದ್ದು, ಬೇಡಿ ತೊಡಿಸಿದ್ದು ಎಲ್ಲವನ್ನೂ ಮಾಡಿದವರು ಮನುಷ್ಯರೇ. ಅಂದರೆ, ಕೊನೆಯ ತೀರ್ಮಾನ ಮನುಷ್ಯನ ಕೈಯಲ್ಲಿದ್ದರೆ ಸಾಕು ಎಂಬ ಭರವಸೆ ಇಲ್ಲಿ ಅಕ್ಷರಶಃ ಪಾಲನೆಯಾಗಿತ್ತು. ಆದರೂ ನಿರಪರಾಧಿ ಒಳಗೆ ಹೋದ. ಯಂತ್ರ ಮೊದಲು ಬಾಯಿಬಿಟ್ಟ ಮೇಲೆ ಉಳಿದವರೆಲ್ಲ ಅದಕ್ಕೆ ತಲೆದೂಗುತ್ತ ಹೋದರು.

ಪೊಲೀಸರ ಅಧಿಕಾರ ಇತರ ಇಲಾಖೆಗಳ ಅಧಿಕಾರದಂಥದ್ದಲ್ಲ. ಮನೆಯೊಳಗಿದ್ದವನನ್ನು ಎಬ್ಬಿಸಿ ಕರೆದೊಯ್ಯುವ ಅಧಿಕಾರ ಅದು. ಹಾಗಾಗಿಯೇ ಅದಕ್ಕೆ ಕಾರಣದ ಕಟ್ಟುಪಾಡು ಹಾಕಲಾಗಿದೆ. ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಪ್ರಕಾರ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರಿ ಏಕೆ ಬಂಧಿಸಿದೆ ಎಂದು ಬರೆದಿಡಲೇಬೇಕು. ‘ಹೋಲಿಕೆ ಶೇ 80’ ಎಂಬುದು ಕಾರಣವಾಗುತ್ತದೆಯೇ? ಎರಡು ಮುಖಗಳು ಎಷ್ಟು ಹತ್ತಿರ ಎನ್ನುವುದಷ್ಟೇ ಅದು. ಆ ದಿನ ಆತ ಎಲ್ಲಿದ್ದ, ಕದ್ದ ಮಾಲು ಎಲ್ಲಿದೆ, ನೋಡಿದವರು ಯಾರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಶೇ 80ರ ಗೆರೆ ನಾನು ಕಲ್ಪಿಸಿದ್ದೂ ಅಲ್ಲ. ದೆಹಲಿ ಪೊಲೀಸರು ಅದಕ್ಕಿಂತ ಮೇಲಿನ ಹೋಲಿಕೆಯನ್ನು ‘ಹೊಂದಿಕೆಯಾಗಿದೆ’ ಎಂದೇ ಪರಿಗಣಿಸುತ್ತಾರೆಂಬುದು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರದಿಂದ ಗೊತ್ತಾಯಿತು.

ಸಾಫ್ಟ್‌ವೇರ್ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಲಿ. ದೊಡ್ಡ ರೈಲು ನಿಲ್ದಾಣವೊಂದರಲ್ಲಿ ದಿನಕ್ಕೆ ಒಂದು ಲಕ್ಷ ಜನರ ಮುಖ ಪರೀಕ್ಷೆಯಾಗುತ್ತದೆ, ಸಾವಿರಕ್ಕೆ ಒಬ್ಬರ ವಿಷಯದಲ್ಲಿ ಮಾತ್ರ ಯಂತ್ರ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ನೂರು ನಿರಪರಾಧಿಗಳ ಹೆಸರು ಬರುತ್ತದೆ. ಆ ಜನಜಂಗುಳಿಯಲ್ಲಿ ನಿಜಕ್ಕೂ ಪೊಲೀಸರಿಗೆ ಬೇಕಾದವರು ಐದು ಮಂದಿ ಇದ್ದಾರು.

ಹಾಗೆಂದು ಈ ತಂತ್ರಜ್ಞಾನವೇ ಬೇಡ ಎನ್ನಲಾರೆ. ಕಳೆದುಹೋದ ಮಗುವನ್ನು ಹುಡುಕುವಾಗ ಹೋಲಿಕೆ ತಪ್ಪಿದರೆ ಅಧಿಕಾರಿಯೊಬ್ಬರ ಅರ್ಧ ದಿನ ಹಾಳು. ಆ ನಷ್ಟ ಇಲಾಖೆಯದು. ಬಂಧನದಲ್ಲಿ ಅದೇ ತಪ್ಪಿನ ಬೆಲೆಯನ್ನು ತೆರುವವನು ಏನೂ ಮಾಡದ ನಾಗರಿಕ. ತಪ್ಪಿನ ಬೆಲೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಿ ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂದು ಗೆರೆ ಎಳೆಯುವುದೇ ಪೊಲೀಸ್ ನಾಯಕತ್ವದ ಮೊದಲ ಕೆಲಸ. ಹೊಸ ಯಂತ್ರದ ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಯಾರಾದರೂ ಸಾಕು. ನಾನು ಪರಿಶೀಲಿಸದ ಯಂತ್ರವನ್ನು ನನ್ನ ಠಾಣೆಗಳಿಗೆ ಬಿಡುವುದಿಲ್ಲ ಎನ್ನುವುದಕ್ಕೆ ಗಟ್ಟಿತನ ಬೇಕು. ಬ್ರಿಟನ್ನಿನ ಸೌತ್ ವೇಲ್ಸ್ ಪೊಲೀಸರು ಎಡವಿದ್ದು ಇಲ್ಲಿಯೇ. ಸಾಫ್ಟ್‌ವೇರ್‌ನಲ್ಲಿ ಜನಾಂಗ ಅಥವಾ ಲಿಂಗದ ಪಕ್ಷಪಾತ ಇದೆಯೇ ಎಂದು ಅವರು ಸ್ವತಃ ಖಾತ್ರಿಪಡಿಸಿಕೊಂಡಿರಲಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಯಾರ ಮುಖ ಪಟ್ಟಿಯಲ್ಲಿರಬೇಕು, ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ಅತಿಯಾಗಿ ಪೊಲೀಸರ ವಿವೇಚನೆಗೇ ಬಿಟ್ಟಿದ್ದನ್ನೂ ಅದು ಒಪ್ಪಲಿಲ್ಲ.

ಡೆಟ್ರಾಯ್ಟ್ ಪಾಠ ಕಲಿತದ್ದು ಮೊಕದ್ದಮೆಯ ಬಿಸಿ ತಟ್ಟಿದ ಮೇಲೆ. 2024ರ ರಾಜಿ ಒಪ್ಪಂದದ ಪ್ರಕಾರ ಮುಖದ ಹೋಲಿಕೆಯನ್ನಷ್ಟೇ ನಂಬಿ ಬಂಧಿಸುವಂತಿಲ್ಲ. ಬೇರೆ ಸಾಕ್ಷ್ಯವಿಲ್ಲದೆ ಸಾಕ್ಷಿಯ ಮುಂದೆ ಫೋಟೊ ಸಾಲು ಇಡುವಂತೆಯೂ ಇಲ್ಲ. ಈ ಎರಡನೇ ನಿಯಮ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಯಂತ್ರದ ಊಹೆಗೆ ಮನುಷ್ಯನ ಸಾಕ್ಷ್ಯದ ವೇಷ ತೊಡಿಸುವ ದಾರಿಯನ್ನು ಅದು ಮುಚ್ಚುತ್ತದೆ.

ನಮ್ಮಲ್ಲಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರೊಳಗೆ ಕೈಹಾಕುವ ಸರ್ಕಾರಕ್ಕೆ ಕಾನೂನಿನ ಆಧಾರವಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದೂ ಹೇಳಿತು. ಪೊಲೀಸರು ಮುಖ ಗುರುತಿಸುವ ತಂತ್ರಜ್ಞಾನ ಬಳಸುವುದಕ್ಕೆಂದೇ ಮಾಡಿದ ಪ್ರತ್ಯೇಕ ಕಾನೂನು ಇಂದಿಗೂ ಇಲ್ಲ. ಅಷ್ಟರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಸೇಫ್ ಸಿಟಿ ಯೋಜನೆಯ ಸಾವಿರಾರು ಕ್ಯಾಮೆರಾಗಳು ಬಂದು ಕೂತಿವೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ನಗರದ ಪೊಲೀಸ್ ಕಮಿಷನರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎಷ್ಟು ಶೇಕಡಾ ಹೋಲಿಕೆಯನ್ನು ಒಪ್ಪುತ್ತೀರಿ, ಅದನ್ನು ಪರಿಶೀಲಿಸುವ ಅಧಿಕಾರಿಯ ಹುದ್ದೆ ಯಾವುದು, ಈವರೆಗೆ ಎಷ್ಟು ಹೋಲಿಕೆ ತಪ್ಪಾಗಿವೆ ಎಂದು ಕೇಳಿ.