ತಪ್ಪು ಯಾರ ತಲೆಯ ಮೇಲೆ?

2023ರ ನವೆಂಬರ್ 20, ಸೋಮವಾರ ಬೆಳಿಗ್ಗೆ. ಕಲಬುರಗಿಯ ರೋಜಾದಲ್ಲಿ ರೋಗಿಯೊಬ್ಬರನ್ನು ಕಂಡು ಹಿಂದಿರುಗುವಾಗ ಒಂದು ಚಹಾದ ಅಂಗಡಿಯ ಮುಂದೆ ನಿಂತೆ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟಿನ ಅಂತಿಮ ಪಂದ್ಯದಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಸೋತಿತ್ತು. ಅಂಗಡಿಯವರು ಗ್ಲಾಸನ್ನು ಕೈಗಿಡುತ್ತಲೇ ತೀರ್ಪಿತ್ತರು: "ಎಲ್ಲಾ ಆ ಕೋಚ್‌ಂದೇ ತಪ್ಪು ನೋಡ್ರಿ ಫಾದರ್. ದ್ರಾವಿಡ್ ಕೆಡಿಸಿಟ್ಟ." ನಾನೂ ತಲೆಯಾಡಿಸಿದೆ.

ಹಾಗೆ ತಲೆಯಾಡಿಸಲು ನನಗಿದ್ದ ಆಧಾರವಾದರೂ ಏನು? ಸತತ ಹತ್ತು ಪಂದ್ಯಗಳನ್ನು ಗೆದ್ದ ತಂಡ ಅಂದು 240 ರನ್ನಿಗೆ ಮುಗಿದಿತ್ತು. ಟಾಸ್ ಕೈತಪ್ಪಿತ್ತು. ಟ್ರ್ಯಾವಿಸ್ ಹೆಡ್ 137 ರನ್ ಬಾರಿಸಿದ್ದ. ಈಗಾಗಲೇ ಆಡಿದ್ದ ಪಿಚ್ಚನ್ನೇ ಆರಿಸಿದ್ದು ಸರಿಯೇ ಎಂದು ಬಲ್ಲವರು ಕೇಳಿದರು, ನ್ಯಾಯವಾದ ಪ್ರಶ್ನೆ. ಆದರೆ ನಾನು ಇದೊಂದನ್ನೂ ತೂಗಿ ನೋಡಿದವನಲ್ಲ. ಮನಸ್ಸಿಗೆ ನೋವಾಗಿತ್ತು, ಆ ನೋವಿಗೆ ಒಬ್ಬ ಮನುಷ್ಯನ ಹೆಸರು ಬೇಕಾಗಿತ್ತು.

ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡರಿಗೆ ಇದು ಹೊಸತಲ್ಲ. 2007ರ ಮಾರ್ಚ್‌ನಲ್ಲಿ ಅವರ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮರಳಿದಾಗ ಊರೂರಲ್ಲಿ ಪ್ರತಿಕೃತಿಗಳು ಸುಟ್ಟವು. ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿಯ ಮನೆಗೆ ಜನ ನುಗ್ಗಿದರು. ತರಬೇತುದಾರ ಗ್ರೆಗ್ ಚಾಪೆಲ್ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು.

ಇನ್ನು 2024ರ ಜೂನ್ 29ರ ರಾತ್ರಿಗೆ ಬನ್ನಿ. ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ಪಿನ ಫೈನಲ್. ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕಿತ್ತು. ಮೊದಲ ಎಸೆತವನ್ನೇ ಮಿಲ್ಲರ್ ಎತ್ತಿ ಹೊಡೆದಾಗ ಸೂರ್ಯಕುಮಾರ್ ಯಾದವ್ ಗಡಿಯ ಹಗ್ಗದಂಚಿನಲ್ಲಿ ಚೆಂಡನ್ನು ಹಿಡಿದು, ಮೇಲಕ್ಕೆಸೆದು, ಮತ್ತೆ ಒಳಬಂದು ಹಿಡಿದರು. ಭಾರತ 7 ರನ್ನುಗಳಿಂದ ಗೆದ್ದಿತು. ಅವರ ಕಾಲು ಒಂದಿಷ್ಟು ಹಿಂದೆ ಸರಿದಿದ್ದರೆ ಅದು ಸಿಕ್ಸರ್. ದ್ರಾವಿಡ್ ಎರಡು ವಿಶ್ವಕಪ್ ಫೈನಲ್ ಸೋಲಿಸಿದ ಕೋಚ್ ಆಗಿ ನಿವೃತ್ತರಾಗುತ್ತಿದ್ದರೇನೋ. ಅವರ ಪರಿಶ್ರಮ, ಯೋಜನೆ, ಪ್ರಾಮಾಣಿಕತೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಮರುವಾರ ಅದೇ ಅಂಗಡಿಯಲ್ಲಿ, "ದ್ರಾವಿಡ್ ಅಂದ್ರ ದ್ರಾವಿಡ್ ನೋಡ್ರಿ!" ಎಂದರು. ಅದಕ್ಕೂ ತಲೆಯಾಡಿಸಿದೆ.

ಹೊಣೆಗಾರನನ್ನು ಪ್ರಶ್ನಿಸಲೇಬಾರದೆಂದು ನನ್ನ ವಾದವಲ್ಲ. ನಮ್ಮ ಫುಟ್ಬಾಲ್ ತಂಡ 2024ರ ಜನವರಿಯಲ್ಲಿ ಏಷ್ಯಾ ಕಪ್ಪಿನ ಮೂರೂ ಪಂದ್ಯಗಳನ್ನು ಒಂದೂ ಗೋಲಿಲ್ಲದೆ ಸೋತಿತು. ಜೂನ್‌ನಲ್ಲಿ ಕೋಚ್ ಇಗೋರ್ ಸ್ಟಿಮಾಚ್ ಅವರನ್ನು ತೆಗೆದುಹಾಕಲಾಯಿತು. ಕೋಚ್ ಲೆಕ್ಕ ಒಪ್ಪಿಸಬೇಕಾದವನೇ. ಆದರೆ ಲೆಕ್ಕ ಕೇಳುವವನು ಉತ್ತರಕ್ಕಾಗಿ ಕಾಯುತ್ತಾನೆ. ದೂಷಿಸುವವನಿಗೆ ಉತ್ತರವೇ ಬೇಕಿಲ್ಲ.

ಯಾಜಕಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ಆರೋನನು ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಅದನ್ನು ಮರುಭೂಮಿಗೆ ಕಳುಹಿಸಿಬಿಡುವ ವಿಧಿಯಿದೆ. ನಾವು ಅಲ್ಲಿ ಮರೆಯುವುದು ಒಂದನ್ನು: ಕೈಯಿಟ್ಟವನು ಮೊದಲು ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಅರಿಕೆಮಾಡಬೇಕಿತ್ತು, ಅಂದು ಜನರೆಲ್ಲರೂ ಉಪವಾಸವಿರಬೇಕಿತ್ತು. ನಾವಾದರೋ ಹೋತವನ್ನು ಇಟ್ಟುಕೊಂಡು ಅರಿಕೆಯನ್ನು ಕೈಬಿಟ್ಟಿದ್ದೇವೆ.

ಆ ಸೋಮವಾರ ನಾನು ಅರಿಕೆ ಮಾಡಬೇಕಾಗಿದ್ದರೆ ಏನು ಹೇಳುತ್ತಿದ್ದೆ? ಹತ್ತು ಗೆಲುವುಗಳ ಅಮಲು ನನಗೂ ಏರಿತ್ತು. ಪಂದ್ಯ ಆರಂಭವಾಗುವ ಮೊದಲೇ ನಮ್ಮ ಧರ್ಮಕೇಂದ್ರದ ಯುವಕರ ಕೈಗೆ ಹಣ ಕೊಟ್ಟು ಪಟಾಕಿ ತರಿಸಿದ್ದೆ. ಆ ಪೆಟ್ಟಿಗೆ ತಿಂಗಳಿಗೂ ಮಿಕ್ಕಿ ನನ್ನ ಕೋಣೆಯ ಮೂಲೆಯಲ್ಲಿತ್ತು. ಕ್ರಿಸ್ಮಸ್ ರಾತ್ರಿ ಮಕ್ಕಳು ಅದನ್ನು ಹಚ್ಚಿದರು.